ಮ್ಯೂಸಿಯಂ ಕನ್ಸರ್ವೇಟರ್ ಕೆಲಸದ ಮೊದಲ ವರ್ಷ: "ಚಿತ್ರ ಫಳಫಳ ಅನ್ನಬೇಕು" ಅಂದರೆ ಏನು ಮಾಡಬೇಕು?

ಹತ್ತಿಕಡ್ಡಿ:

ಎಲ್ಲರಿಗೂ ನಮಸ್ಕಾರ. ಕನ್ಸರ್ವೇಷನ್‌ನಲ್ಲಿ ಅಂದರೆ ಹಳೆಯ ಕಲಾವಸ್ತು ಉಳಿಸಿ ಕಾಪಾಡುವ ವಿದ್ಯೆಯಲ್ಲಿ, ಎಂಎ ಮುಗಿಸಿ ಒಂದು ಮ್ಯೂಸಿಯಂಗೆ ಸೇರಿದ್ದೇನೆ. 11 ತಿಂಗಳ ಕರಾರು. ಊರು, ಹೆಸರು ಬೇಡ. ಇಡೀ ಕಟ್ಟಡಕ್ಕೆ ಕನ್ಸರ್ವೇಟರ್ ಅಂತ ಇರುವುದು ನಾನೊಬ್ಬಳೇ. ಪಕ್ಕದ ಟೇಬಲ್ಲಿನವರನ್ನು ಕೇಳೋಣ ಅಂದರೆ ಅವರು ಟಿಕೆಟ್ ಲೆಕ್ಕ ಬರೆಯುವವರು. ಅದಕ್ಕೇ ಇಲ್ಲಿ ಬಂದೆ.

ರಾಜ್ಯೋತ್ಸವಕ್ಕೆ ಮೈಸೂರು ಶೈಲಿಯ ಚಿತ್ರಗಳ ಪ್ರದರ್ಶನ ಇಟ್ಟಿದ್ದಾರೆ. ಅದರಲ್ಲಿ ಒಂದು ರಾಮ ಪಟ್ಟಾಭಿಷೇಕ. ಚಿನ್ನದ ಕೆಳಗೆ ಉಬ್ಬುಕೆಲಸಕ್ಕೆ ಹಾಕುವ ಬಿಳಿ ಮೆತ್ತೆ, ಗೆಸ್ಸೊ, ಅಲ್ಲಲ್ಲಿ ಎದ್ದು ನಿಂತಿದೆ, ಸಿಂಹಾಸನದ ಎಡಗಡೆ ಪೂರ್ತಿ ಉದುರಿ ಕಾಗದ ಕಾಣುತ್ತಿದೆ. ಗಾಜು ಚಿತ್ರಕ್ಕೆ ತಾಗಿಕೊಂಡೇ ಕೂತಿದೆ, ಹಿಂದೆ ಪ್ಲೈವುಡ್, ಯಾವ ಕಾಲದ್ದೋ ಮೊಳೆ. ಸಾಹೇಬರು ನೋಡಿ ಹೇಳಿದ್ದು, "ಉದುರಿದ ಕಡೆ ಚಿನ್ನದ ರೇಕು ಹಚ್ಚಿಬಿಡಿ, ಮೇಲೆ ಒಂದು ಕೋಟ್ ವಾರ್ನಿಷ್ ಕೊಡಿ, ಮಂತ್ರಿಗಳು ಬರ್ತಾರೆ, ಫಳಫಳ ಅನ್ನಬೇಕು." ಆಗಲ್ಲ ಸರ್ ಅಂದೆ. "ಮತ್ತೆ ನೀವು ಓದಿದ್ದು ಏನು?" ಅಂತ ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು, ಅದೇ ಜಾಸ್ತಿ ಕಷ್ಟ ಆಯಿತು.

ಇನ್ನೊಂದು ವಿಷಯ. ಕೋರ್ಸಿನಲ್ಲಿ ಮೈಕ್ರೋಸ್ಕೋಪ್, ಸಾಲ್ವೆಂಟ್ (ಕರಗಿಸುವ ದ್ರವ) ಟೆಸ್ಟ್, ರೀಟಚಿಂಗ್ ಅಂತ ಎಷ್ಟೆಲ್ಲಾ ಮಾಡಿದ್ದೆವು. ಇಲ್ಲಿ ಬಂದಾಗಿನಿಂದ ಧೂಳು ಒರೆಸಿದ್ದೇನೆ, ಕಂಡೀಷನ್ ರಿಪೋರ್ಟ್ ಬರೆದಿದ್ದೇನೆ, ಕಪಾಟಿನ ಹಿಂದೆ ಗೆದ್ದಲು ಹುಡುಕಿದ್ದೇನೆ. ಚಿತ್ರದ ಮೇಲೆ ಕೈ ಇಟ್ಟಿದ್ದೇ ಕಡಿಮೆ. ಎಲ್ಲರಿಗೂ ಹೀಗೇನಾ?

ಹಳೇ ಬ್ರಷ್:

ಎಲ್ಲರಿಗೂ ಹೀಗೇನೇ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಟ್ಟೆ.

ಈಗ ವಾರ್ನಿಷ್ ವಿಷಯ. ಹಚ್ಚಬೇಡಿ, ಒಂದು ಮೂಲೆಗೂ ಬೇಡ. ವಾರ್ನಿಷ್ ಅನ್ನೋದು ತೈಲವರ್ಣದ ಸಂಪ್ರದಾಯ. ಅಲ್ಲಿ ಬಣ್ಣದ ಮೇಲೆ ಅದು ಬೇರೆಯೇ ಪದರವಾಗಿ ಕೂರುತ್ತದೆ, ಹಳದಿ ತಿರುಗಿದರೆ ಮುಂದೆ ಯಾರಾದರೂ ಎಚ್ಚರಿಕೆಯಿಂದ ತೆಗೆಯಬಹುದು. ಮೈಸೂರು ಚಿತ್ರದಲ್ಲಿ ಬಣ್ಣ ಕಟ್ಟಿರುವುದು ಗೋಂದಿನಿಂದ. ಮೇಲ್ಮೈ ಮಂಕಾಗಿ, ರಂಧ್ರ ರಂಧ್ರವಾಗಿ ಇರುತ್ತದೆ. ವಾರ್ನಿಷ್ ಒಳಗೆ ಇಳಿದುಬಿಡುತ್ತದೆ. ಬಣ್ಣ ಗಾಢವಾಗುತ್ತದೆ, ಆ ತಿಳಿ ಹಸಿರು ತಿಳಿ ನೀಲಿ ಎಲ್ಲ ಒದ್ದೆ ಗೋಡೆಯ ಹಾಗೆ ಆಗುತ್ತದೆ, ಆಮೇಲೆ ಯಾವ ಸಾಲ್ವೆಂಟ್ ತಂದರೂ ಪೂರ್ತಿ ಹೊರಗೆ ಬರುವುದಿಲ್ಲ. ಸಾಹೇಬರಿಗೆ ಇದನ್ನು ತತ್ವದ ಮಾತಾಗಿ ಹೇಳಬೇಡಿ. ತಣ್ಣಗೆ ಹೀಗೆ ಹೇಳಿ: "ಸರ್, ಹಚ್ಚಿದರೆ ಕಪ್ಪಾಗುತ್ತದೆ, ವಾಪಸ್ ತೆಗೆಯಲು ಆಗಲ್ಲ." ಕಪ್ಪಾಗುತ್ತದೆ ಅನ್ನೋದು ಎಲ್ಲ ಸಾಹೇಬರಿಗೂ ಅರ್ಥ ಆಗುತ್ತದೆ.

ರೇವಲ್ ಚಿನ್ನಿ:

ನಾನು ಕನ್ಸರ್ವೇಟರ್ ಅಲ್ಲ. ಮೈಸೂರು ಶೈಲಿಯ ಚಿತ್ರ ಬರೆಯುವವನು, ಗುರುಗಳ ಹತ್ತಿರ ಕೂತು ಕಲಿತವನು. ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಉದುರಿದ ಕಡೆ ಗೆಸ್ಸೊ ಹಾಕಿ ಚಿನ್ನ ಕೂರಿಸಿದರೆ ಏನು ತಪ್ಪು? ನಮ್ಮಲ್ಲಿ ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದೇ ಅದು. ಪೂಜೆಯ ಚಿತ್ರ ಮುಕ್ಕಾಗಿ ಇರಬಾರದು ಅಂತ ಮನೆಯವರು ತಂದುಕೊಡುತ್ತಾರೆ, ನಾವು ಸಫೇದ ಅನ್ನೋ ಬಿಳಿ ಪುಡಿ, ರೇವಲ್ ಚಿನ್ನಿ ರಾಳ, ಗೋಂದು ಅರೆದು ಅದೇ ಹದದಲ್ಲಿ ತುಂಬುತ್ತೇವೆ. ಅದೇ ಸಾಮಾನು, ಅದೇ ಕೈ. ನೀವುಗಳು ಅದನ್ನು "ಹಾಳು ಮಾಡಿದ್ದಾರೆ" ಅಂತ ರಿಪೋರ್ಟ್ ಬರೀತೀರಿ. ನಿಮ್ಮ ಜಪಾನಿ ಟಿಶ್ಯೂ, ಅಮೆರಿಕದ ಅಂಟು ಮಾತ್ರ ಸರಿ, ನಮ್ಮ ಗೋಂದು ತಪ್ಪಾ?

ಹಳೇ ಬ್ರಷ್:

ರೇವಲ್ ಚಿನ್ನಿಯವರೇ, ಬೇಜಾರು ಏನಿಲ್ಲ, ಇದು ಕೇಳಲೇಬೇಕಾದ ಪ್ರಶ್ನೆ. ಮನೆಯ ಪೂಜೆಯ ಚಿತ್ರಕ್ಕೆ ನೀವು ಮಾಡುವುದು ಸರಿ, ಅದನ್ನು ನಾನು ತಪ್ಪು ಅನ್ನಲ್ಲ. ಅಲ್ಲಿ ಚಿತ್ರದ ಕೆಲಸ ಪೂಜೆಗೆ ನಿಲ್ಲುವುದು. ಮ್ಯೂಸಿಯಂಗೆ ಬಂದ ಮೇಲೆ ಅದರ ಕೆಲಸ ಬದಲಾಗುತ್ತದೆ. ಆ ಸಿಂಹಾಸನದ ಗೆಸ್ಸೊ ಹಾಕಿದವನು ಎಷ್ಟು ಎತ್ತರ ಎಬ್ಬಿಸಿದ, ಯಾವ ಬಿಳಿ ಬಳಸಿದ, ರೇಕು ಎಷ್ಟು ತೆಳು ಅನ್ನೋದಕ್ಕೆ ಉಳಿದಿರುವ ಸಾಕ್ಷಿ ಆ ಚಿತ್ರ ಒಂದೇ. ನೀವು ಅದೇ ಸಾಮಾನಿನಲ್ಲಿ, ಅದೇ ಕೈಯಲ್ಲಿ ತುಂಬಿದರೆ ಐವತ್ತು ವರ್ಷ ಆದ ಮೇಲೆ ಯಾವುದು ಅವನದು ಯಾವುದು ನಿಮ್ಮದು ಅಂತ ಹೇಳಲು ಆಗುವುದಿಲ್ಲ. ನಿಮ್ಮ ಕೆಲಸ ಚೆನ್ನಾಗಿದ್ದಷ್ಟೂ ಆ ತೊಂದರೆ ಜಾಸ್ತಿ, ನೋಡಿ!

ಅದಕ್ಕೇ ಇಟಲಿಯಲ್ಲಿ ಸಂರಕ್ಷಣಾ ಚಿಂತಕ ಚೆಸಾರೆ ಬ್ರಾಂಡಿ ಕಾಲದವರು ಗೆರೆ ಗೆರೆಯಾಗಿ ತುಂಬುವ ವಿಧಾನ ತಂದರು, ತ್ರಾತೆಜ್ಜೊ ಅಂತ. ದೂರದಿಂದ ನೋಡಿದರೆ ಚಿತ್ರ ಪೂರ್ತಿ ಕಾಣುತ್ತದೆ, ಹತ್ತಿರ ಹೋದರೆ ಸಣ್ಣ ಸಣ್ಣ ಲಂಬ ಗೆರೆ ಕಂಡು "ಇದು ಆಮೇಲೆ ತುಂಬಿದ್ದು" ಅಂತ ಗೊತ್ತಾಗುತ್ತದೆ. ಅದನ್ನೇ ನಾವೂ ಮಾಡಬೇಕು ಅಂತಲ್ಲ. ಚಿನ್ನದ ಕೆಲಸಕ್ಕೆ ಅದು ಅಷ್ಟು ಒಗ್ಗುವುದೂ ಇಲ್ಲ.

ಇನ್ನು ನಿಮ್ಮಂಥವರು ಮ್ಯೂಸಿಯಂ ಲ್ಯಾಬಿಗೆ ಬಂದು ಕೂರಬೇಕು ಅನ್ನೋದು ನನ್ನ ಹಳೇ ಆಸೆ. ಗೆಸ್ಸೊ ಯಾಕೆ ಹಾಗೆ ಸೀಳುತ್ತದೆ ಅನ್ನೋದು ಅರೆದವರಿಗೆ ಗೊತ್ತಿರುವಷ್ಟು ಓದಿದವರಿಗೆ ಗೊತ್ತಿರುವುದಿಲ್ಲ.

ರೇವಲ್ ಚಿನ್ನಿ:

ಅದು ಒಪ್ಪಿದೆ. ಹಾಗಾದರೆ ಒಂದು ಹೇಳುತ್ತೇನೆ, ಹತ್ತಿಕಡ್ಡಿ ಮೇಡಂ. ಗೋಂದು ಕಡಿಮೆ ಆದರೆ ಪುಡಿ ಪುಡಿಯಾಗಿ ಉದುರುತ್ತದೆ, ಜಾಸ್ತಿ ಆದರೆ ಬಿರುಕು ಬಿಟ್ಟು ಚಿಪ್ಪಿನ ಹಾಗೆ ಏಳುತ್ತದೆ. ನಿಮ್ಮದು ಯಾವ ತರಹ ಅಂತ ಮೊದಲು ನೋಡಿ, ಎರಡಕ್ಕೂ ಮದ್ದು ಬೇರೆ. ಇನ್ನೊಂದು, ಉದುರದೆ ಉಳಿದಿರುವ ಚಿನ್ನದಲ್ಲಿ ಕೆಲವು ಕಡೆ ಹಸಿರೋ ಕಪ್ಪೋ ತಿರುಗಿದ್ದರೆ ಅದು ಚಿನ್ನ ಅಲ್ಲ, ಆಮೇಲೆ ಯಾರೋ ಹಿತ್ತಾಳೆ ರೇಕು ಹಚ್ಚಿದ್ದಾರೆ. ಅಪ್ಪಟ ಚಿನ್ನ ಎಷ್ಟು ವರ್ಷ ಆದರೂ ಬಣ್ಣ ಬಿಡಲ್ಲ.

ಬೀಕರ್:

ನಾನು ಕೆಮಿಸ್ಟ್ರಿ ಕಡೆಯಿಂದ ಈ ಕ್ಷೇತ್ರಕ್ಕೆ ಬಂದವನು. ಮೇಲಿನವರು ರೇವಲ್ ಚಿನ್ನಿ ಅಂದಿದ್ದು ಬಹಳ ಮುಖ್ಯ, ಯಾರೂ ಅದರ ಮೇಲೆ ನಿಲ್ಲಲಿಲ್ಲ. ಅದು ಗ್ಯಾಂಬೋಜ್, ಮರದ ರಾಳ. ಆಲ್ಕೋಹಾಲ್‌ಗೆ ಕರಗುತ್ತದೆ. ಗೋಂದು ನೀರಿಗೆ ಕರಗುತ್ತದೆ. ಅಂದರೆ ಕೊಳೆ ತೆಗೆಯಲು ಹೊಸಬರು ಮೊದಲು ಕೈ ಹಾಕುವ ಎರಡು ಬಾಟಲಿ, ನೀರು ಮತ್ತು ಆಲ್ಕೋಹಾಲ್, ಎರಡೂ ಈ ಚಿತ್ರಕ್ಕೆ ಅಪಾಯ. ಎಂಜಲಿನಲ್ಲಿ ಒದ್ದೆ ಮಾಡಿದ ಹತ್ತಿಕಡ್ಡಿಯೂ ನೀರೇ. ತೈಲವರ್ಣದ ಮೇಲೆ ಎಂಜಲಿನ ಕಿಣ್ವ ಚೆನ್ನಾಗಿ ಕೆಲಸ ಮಾಡುತ್ತದೆ, ಎಲ್ಲರೂ ಬಳಸುತ್ತೇವೆ, ಆದರೆ ಇಲ್ಲಿ ಬೇಡ.

ಮೆತ್ತನೆಯ ಒಣ ಬ್ರಷ್, ಅದೂ ಗಟ್ಟಿಯಾಗಿರುವ ಜಾಗದಲ್ಲಿ ಮಾತ್ರ. ಎದ್ದ ಚಿಪ್ಪುಗಳಿಗೆ ತೀರಾ ತೆಳುವಾದ ಜೆಲಾಟಿನ್ ಅಥವಾ ಮೀನಿನ ಅಂಟು, ಸಣ್ಣ ಬ್ರಷ್‌ನ ತುದಿಯಿಂದ ಚಿಪ್ಪಿನ ಅಂಚಿಗೆ ಮುಟ್ಟಿಸಿದರೆ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಅದರಲ್ಲೂ ನೀರು ಇದ್ದೇ ಇದೆ, ಅದಕ್ಕೇ ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ, ಒಣಗಿದ ಮೇಲೆ ಕಲೆ ಬಿತ್ತಾ, ಹೊಳಪು ಬಂತಾ ನೋಡಿ ಮುಂದುವರಿಯಿರಿ. ಪ್ಯಾರಲಾಯ್ಡ್ ಬಿ-72 ಅನ್ನೋ ಕೃತಕ ಅಂಟನ್ನು ಎಲ್ಲರೂ ಎಲ್ಲದಕ್ಕೂ ಹೇಳುತ್ತಾರೆ. ಒಳ್ಳೆಯ ರೆಸಿನ್, ನಾನೂ ಅದರ ಭಕ್ತ, ಆದರೆ ಮಂಕು ಮೇಲ್ಮೈ ಮೇಲೆ ಹೊಳಪು ಬಿಟ್ಟುಹೋಗುತ್ತದೆ.

ಒಂದು ಎಚ್ಚರಿಕೆ. ಹಳೆಯ ಚಿತ್ರಗಳ ಬಿಳಿಯಲ್ಲಿ ಸೀಸ ಇರಬಹುದು. ಉದುರಿದ ಪುಡಿಯನ್ನು ಊದಬೇಡಿ, ಪೊರಕೆಯಿಂದ ಗುಡಿಸಬೇಡಿ. ಕೈಗವಸು ಹಾಕಿಕೊಳ್ಳಿ. ಬಿದ್ದ ಚೂರು ಒಂದೊಂದನ್ನೂ ಸಣ್ಣ ಪೊಟ್ಟಣದಲ್ಲಿ ಹಾಕಿ, ಎಲ್ಲಿ ಬಿದ್ದಿತ್ತು ಅಂತ ಬರೆದಿಡಿ.

ಉಗ್ರಾಣ:

ನಾನು ಮ್ಯೂಸಿಯಂ ಉಗ್ರಾಣದಲ್ಲಿ ರಿಜಿಸ್ಟರ್ ನೋಡಿಕೊಳ್ಳುತ್ತಿದ್ದವನು, ಈಗ ನಿವೃತ್ತ. ನಿಮ್ಮ ರಸಾಯನಶಾಸ್ತ್ರ ನನಗೆ ಗೊತ್ತಿಲ್ಲ. ಕಡತ ಗೊತ್ತು.

ಮಗಳೇ, ಬಾಯಲ್ಲಿ "ಆಗಲ್ಲ" ಅನ್ನಬೇಡ. ಬಾಯಲ್ಲಿ ಅಂದರೆ ಅದು ಹಠ, ಹಾಳೆಯಲ್ಲಿ ಬರೆದರೆ ಅದು ತಾಂತ್ರಿಕ ಅಭಿಪ್ರಾಯ. ಒಂದು ಟಿಪ್ಪಣಿ ಹಾಕು. ಮೊದಲ ಕಂಡಿಕೆಯಲ್ಲಿ ಚಿತ್ರದ ನೋಂದಣಿ ಸಂಖ್ಯೆ, ಈಗಿನ ಸ್ಥಿತಿ, ಫೋಟೊ ಲಗತ್ತಿಸಿದೆ ಅಂತ. ಎರಡನೆಯದರಲ್ಲಿ ಮೌಖಿಕವಾಗಿ ಸೂಚಿಸಿದಂತೆ ರೇಕು ಮತ್ತು ವಾರ್ನಿಷ್ ಹಚ್ಚಿದರೆ ಆಗುವ ಹಾನಿ. ಮೂರನೆಯದರಲ್ಲಿ ಅದರ ಬದಲು ಏನು ಮಾಡಬಹುದು, ಎಷ್ಟು ಖರ್ಚು, ಎಷ್ಟು ದಿನ. ಕೊನೆಗೆ "ಸೂಕ್ತ ಆದೇಶಕ್ಕಾಗಿ ಮಂಡಿಸಿದೆ". ಮೂರನೇ ಕಂಡಿಕೆ ಮರೀಬೇಡ. ಬರೀ ಬೇಡ ಅಂತ ಬರೆದ ಕಡತ ಮೂಲೆ ಸೇರುತ್ತದೆ, ಹೀಗೆ ಮಾಡೋಣ ಅಂತ ಬರೆದದ್ದಕ್ಕೆ ಸಹಿ ಬೀಳುತ್ತದೆ. "ವಾರ್ನಿಷ್ ಹಚ್ಚಿ" ಅಂತ ತನ್ನ ಕೈಯಾರೆ ಬರೆದು ಸಹಿ ಹಾಕುವ ಸಾಹೇಬರನ್ನು ನನ್ನ ಇಡೀ ಸರ್ವೀಸಿನಲ್ಲಿ ನೋಡಿಲ್ಲ.

ನೀನು ಬೇಜಾರು ಮಾಡಿಕೊಂಡ ಆ ಕಂಡೀಷನ್ ರಿಪೋರ್ಟ್ ಇದೆಯಲ್ಲ, ಅದೇ ನಿನ್ನ ಆಸ್ತಿ. ಪ್ರದರ್ಶನ ಮುಗಿದ ಮೇಲೆ ಮೂಲೆ ಮುಕ್ಕಾಗಿದ್ದರೆ ಮೊದಲು ಕೇಳುವುದು ಯಾರನ್ನು ಹೇಳು? ಕರಾರಿನ ಮೇಲೆ ಇರುವವರನ್ನೇ.

ಹತ್ತಿಕಡ್ಡಿ:

ಉಗ್ರಾಣ ಸರ್, ನಿಮ್ಮ ಪೋಸ್ಟ್ ಪ್ರಿಂಟ್ ತೆಗೆದು ಟೇಬಲ್ ಮೇಲೆ ಅಂಟಿಸಿಕೊಂಡಿದ್ದೇನೆ, ನಿಜವಾಗಲೂ.

ಟಾರ್ಚನ್ನು ಪಕ್ಕದಿಂದ ಅಡ್ಡ ಹಿಡಿದು ಫೋಟೊ ತೆಗೆದೆ. ಎದುರಿನಿಂದ ಚೆನ್ನಾಗಿ ಕಾಣುತ್ತಿದ್ದ ಕಡೆಯೂ ಚಿಪ್ಪು ಎದ್ದಿದೆ, ಆ ಫೋಟೊ ನೋಡಿದರೆ ಯಾರಿಗಾದರೂ ಗಾಬರಿ ಆಗುತ್ತದೆ. ಯುವಿ ಟಾರ್ಚ್ ಕೆಳಗೆ ಕಿರೀಟದ ಒಂದು ಭಾಗ ಸುತ್ತಲಿನದಕ್ಕಿಂತ ಕಪ್ಪಗೆ ಕಂಡಿತು, ಅಲ್ಲಿ ಹಿಂದೆ ಯಾರೋ ಕೈ ಆಡಿಸಿದ್ದಾರೆ ಅನ್ನಿಸುತ್ತದೆ. ಅದೇ ಜಾಗದಲ್ಲಿ ರೇಕು ಹಸಿರು ತಿರುಗಿದೆ! ರೇವಲ್ ಚಿನ್ನಿಯವರು ಹೇಳಿದ್ದು ಸರಿ.

ಇನ್ನೊಂದು ಕಂಡಿದ್ದು. ಗ್ಯಾಲರಿಯಲ್ಲಿ ತೇವಾಂಶ ದಾಖಲಿಸುವ ಡೇಟಾ ಲಾಗರ್ ಇಟ್ಟಿದ್ದೆ. ಹಗಲು ಎಸಿ ಇರುವಾಗ ತೇವಾಂಶ ಶೇ 50ರ ಹತ್ತಿರ. ಸಂಜೆ ಗೇಟು ಮುಚ್ಚಿ ಎಸಿ ಆರಿಸಿದ ಮೇಲೆ ಗ್ರಾಫ್ ಏರಿ ಏರಿ ಬೆಳಗಿನ ಜಾವಕ್ಕೆ ಶೇ 75 ದಾಟುತ್ತದೆ. ಮತ್ತೆ ಬೆಳಗ್ಗೆ ಎಸಿ. ದಿನಾ ಇದೇ.

ಬೀಕರ್:

ಸಿಕ್ಕಿತಲ್ಲ ಕಾರಣ. ಕಾಗದ ಮತ್ತು ಬೋರ್ಡು ತೇವ ಕುಡಿದು ಹಿಗ್ಗುತ್ತವೆ, ಒಣಗಿದಾಗ ಕುಗ್ಗುತ್ತವೆ. ಗೆಸ್ಸೊ ಅಷ್ಟು ಬಾಗುವುದಿಲ್ಲ. ದಿನಾ ಹೀಗೆ ಎಳೆದಾಡಿದರೆ ಬಿಡದೆ ಇನ್ನೇನು ಮಾಡುತ್ತದೆ? ಸುಮ್ನೆ ಶೇ 60ರಲ್ಲಿ ಒಂದೇ ಸಮ ಇದ್ದಿದ್ದರೂ ಇದಕ್ಕಿಂತ ವಾಸಿ. ಹಗಲು ಮಾತ್ರ ಓಡುವ ಎಸಿ ನೋಡುವವರ ಸುಖಕ್ಕೆ, ಚಿತ್ರಕ್ಕೆ ಅಲ್ಲ. ಆ ಗ್ರಾಫ್ ಟಿಪ್ಪಣಿಗೆ ಲಗತ್ತಿಸಿ. ನೀವು ಎಷ್ಟೇ ಚೆನ್ನಾಗಿ ಅಂಟಿಸಿದರೂ ಅದೇ ಗೋಡೆಗೆ ತೂಗುಹಾಕಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಏಳುತ್ತದೆ.

ಥೇಮ್ಸ್ ದಂಡೆ:

ಲಂಡನ್ನಿನಿಂದ. ಶಿವಮೊಗ್ಗದವಳು, ಇಲ್ಲಿ ಪೇಪರ್ ಕನ್ಸರ್ವೇಟರ್. "ಚಿತ್ರದ ಮೇಲೆ ಕೈ ಇಟ್ಟಿದ್ದೇ ಕಡಿಮೆ" ಅನ್ನೋದಕ್ಕೆ ನನ್ನದೂ ಒಂದು ಮಾತು. ಇಲ್ಲಿ ದೊಡ್ಡ ಸಂಸ್ಥೆಗಳಲ್ಲೂ ಹೊಸಬರು ತಿಂಗಳುಗಟ್ಟಲೆ ಮಾಡುವುದು ಆಮ್ಲರಹಿತ ಬೋರ್ಡಿನಲ್ಲಿ ಪೆಟ್ಟಿಗೆ ಮಾಡುವುದು, ಹಳೇ ಸೆಲ್ಲೋಟೇಪ್ ಬಿಡಿಸುವುದು, ಬಲೆಗೆ ಬಿದ್ದ ಹುಳ ಎಣಿಸುವುದು. ನಾನು ಮೊದಲು ಇದಕ್ಕೆ ಗೊಣಗುತ್ತಿದ್ದೆ. ಈಗ ಅನ್ನಿಸುವುದು, ಒಂದು ಒಳ್ಳೆಯ ಪೆಟ್ಟಿಗೆ ಇನ್ನೂರು ಹಾಳೆಗಳನ್ನು ಒಟ್ಟಿಗೆ ಉಳಿಸುತ್ತದೆ, ನಾನು ಬೆನ್ನು ಬಗ್ಗಿಸಿ ರಿಪೇರಿ ಮಾಡುವುದು ಒಂದು ಹಾಳೆ.

ಮತ್ತೆ ಇಲ್ಲಿ ಎಲ್ಲ ಸುಖ ಅಂದುಕೊಳ್ಳಬೇಡಿ. ಇಲ್ಲೂ ಕೆಲಸ ಪ್ರಾಜೆಕ್ಟ್ ಲೆಕ್ಕ, ಪ್ರಾಜೆಕ್ಟ್ ಮುಗಿದರೆ ಬೇರೆ ಊರು, ಬೇರೆ ರೂಮು. ಒಂದು ಅನುಕೂಲ ಅಂದರೆ ಐಕಾನ್ ಅನ್ನುವ ವೃತ್ತಿಸಂಸ್ಥೆ ಇದೆ, ಅನುಭವ ಆದ ಮೇಲೆ ನಮ್ಮ ಕೆಲಸ ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಮೇಲಿನವರು ಏನಾದರೂ ಅಡ್ಡ ಹೇಳಿದರೆ "ನಮ್ಮ ವೃತ್ತಿಯ ನಿಯಮ ಒಪ್ಪಲ್ಲ" ಅಂತ ತೋರಿಸಲು ಒಂದು ಹಾಳೆ ಇರುತ್ತದೆ. ಭಾರತದಲ್ಲಿ ಯಾರು ಬೇಕಾದರೂ ಕನ್ಸರ್ವೇಟರ್ ಅಂತ ಬೋರ್ಡು ಹಾಕಿಕೊಳ್ಳಬಹುದು, ಅದಕ್ಕೇ ನೀವು ಒಬ್ಬರೇ ನಿಂತು ವಾದ ಮಾಡಬೇಕಾಗುತ್ತದೆ.

ಬಿಎಸ್ಸಿ ಕೊನೇ ಬೆಂಚು:

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಾನು ಧಾರವಾಡದಲ್ಲಿ ಬಿಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದೇನೆ. ಚಿತ್ರ ಬರೆಯೋಕೆ ಬರಲ್ಲ. ಈ ಕೆಲಸಕ್ಕೆ ಬರಬಹುದಾ? ಎಲ್ಲಿ ಓದಬೇಕು? ಸಂಬಳದಲ್ಲಿ ಜೀವನ ನಡೆಯುತ್ತಾ?

ಹಳೇ ಬ್ರಷ್:

ಬರಬಹುದು. ಬಿಎಸ್ಸಿ ಕೆಮಿಸ್ಟ್ರಿ ಒಳ್ಳೆಯ ದಾರಿ. ಚಿತ್ರ ಬರೆಯಲು ಬರದಿದ್ದರೂ ಪರವಾಗಿಲ್ಲ, ಬಣ್ಣ ಹೊಂದಿಸುವ ಕಣ್ಣು ಮತ್ತು ನಡುಗದ ಕೈ ಬೇಕು. ಕೆಲವೊಮ್ಮೆ ಕಲಾವಿದರಿಗಿಂತ ನಿಮ್ಮಂಥವರೇ ವಾಸಿ, ಏನಾದರೂ ಸೇರಿಸುವ ಆಸೆ ಇರುವುದಿಲ್ಲ.

ಓದಲು, ಮೊದಲು ದೆಹಲಿಯಲ್ಲಿ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಅಂತ ಇದ್ದದ್ದು ಈಗ ನೋಯ್ಡಾದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಆಗಿದೆ. ಅಲ್ಲಿ ಕನ್ಸರ್ವೇಷನ್ ಎಂಎ ಇದೆ. ಲಖನೌದಲ್ಲಿ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯ, ಎನ್‌ಆರ್‌ಎಲ್‌ಸಿ, 1976ರಲ್ಲಿ ಶುರುವಾದದ್ದು, ಓ.ಪಿ. ಅಗ್ರವಾಲ್ ಕಟ್ಟಿದ್ದು. ಅದರ ಪ್ರಾದೇಶಿಕ ಪ್ರಯೋಗಾಲಯ ನಮ್ಮ ಮೈಸೂರಿನಲ್ಲೇ ಇದೆ, ಎಷ್ಟೋ ಮೈಸೂರಿನವರಿಗೇ ಗೊತ್ತಿಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಇದೆ. ಮೊದಲು ಇಂಥ ಒಂದು ಕಡೆ ಇಂಟರ್ನ್ ಆಗಿ ಕೂತು ನೋಡಿ. ಗಂಟೆಗಟ್ಟಲೆ ಒಂದು ಅಂಗೈಯಷ್ಟು ಜಾಗ ಒರೆಸುವ ತಾಳ್ಮೆ ಇದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ರಾಸಾಯನಿಕ ಸಂರಕ್ಷಣೆಯ ಸರ್ಕಾರಿ ಕೆಲಸ ಬೇಕಾದರೆ ಕೇಂದ್ರದ ಪುರಾತತ್ವ ಇಲಾಖೆ ಎಎಸ್‌ಐನ ವಿಜ್ಞಾನ ಶಾಖೆ ಇದೆ, ಡೆಹ್ರಾಡೂನ್‌ನಲ್ಲಿ ಅದರ ಕೇಂದ್ರ. ಹುದ್ದೆ ಕರೆದಾಗ ಹಾಕಬೇಕು, ಕರೆಯುವವರೆಗೆ ಕಾಯಬೇಕು.

ಸಂಬಳ: ಶುರುವಿನಲ್ಲಿ ಕಷ್ಟ. ಸುಳ್ಳು ಹೇಳಲ್ಲ. ನಿಮ್ಮ ಜೊತೆ ಓದಿ ಔಷಧ ಕಂಪನಿ ಸೇರಿದವನು ನಿಮಗಿಂತ ಮೊದಲು ಬೈಕ್ ತಗೊಳ್ತಾನೆ.

ಖಾಸಗಿ ಕಸುಬು:

ಸಂಬಳದ ಮಾತು ಬಂತಲ್ಲ, ಅದಕ್ಕೆ ಹೇಳುತ್ತೇನೆ. ನಾನು ಮ್ಯೂಸಿಯಂ ಬಿಟ್ಟು ಸ್ವಂತ ಸ್ಟುಡಿಯೋ ಇಟ್ಟವನು. ಹೊರಗೆ ಕೆಲಸ ಬೇಕಾದಷ್ಟು ಇದೆ. ವಾರಕ್ಕೊಬ್ಬರಾದರೂ "ಅಜ್ಜಿ ಮನೆಯ ರವಿವರ್ಮ ಒರಿಜಿನಲ್" ಅಂತ ತರುತ್ತಾರೆ. ಲೂಪ್, ಅಂದರೆ ಸಣ್ಣ ಭೂತಗನ್ನಡಿ, ಹಿಡಿದರೆ ಬಣ್ಣದ ಚುಕ್ಕಿ ಚುಕ್ಕಿ ಕಾಣುತ್ತದೆ, ಅಚ್ಚಿನ ಓಲಿಯೋಗ್ರಾಫ್. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮರ ಪ್ರೆಸ್ ಶುರುವಾದ ಮೇಲೆ ಮನೆಮನೆಗೆ ಹೋದದ್ದು ಅದೇ. ಹೇಳಿದರೆ ಅರ್ಧ ಜನ ನನ್ನನ್ನೇ ಅನುಮಾನದಿಂದ ನೋಡುತ್ತಾರೆ, ಇವನೇ ಬದಲಾಯಿಸಿದ ಅಂತ! ಚಿತ್ರ ತಗೊಳ್ಳುವ ಮೊದಲು ಅವರ ಮುಂದೆಯೇ ಫೋಟೊ ತೆಗೆದು ಸಹಿ ಹಾಕಿಸಿಕೊಳ್ಳುವುದು ಅದಕ್ಕೇ.

ಹತ್ತಿಕಡ್ಡಿ, ನೀವು ಶನಿವಾರ ಭಾನುವಾರ ಸೈಡ್ ಕೆಲಸ ಮಾಡಬಹುದಲ್ಲ?

ಉಗ್ರಾಣ:

ಕರಾರು ಪತ್ರ ಮೊದಲು ಓದು ಮಗಳೇ. ಹೊರಗಿನ ಕೆಲಸ ಮಾಡಬಾರದು ಅಂತ ಇದ್ದರೆ ಮುಗೀತು. ಇಲ್ಲದಿದ್ದರೂ ಮ್ಯೂಸಿಯಂ ಲ್ಯಾಬಿನ ಒಂದು ಹತ್ತಿಯೂ ಹೊರಗೆ ಹೋಗಬಾರದು, ಹೊರಗಿನ ಒಂದು ಚಿತ್ರವೂ ಒಳಗೆ ಬರಬಾರದು. ಚಿತ್ರ ಕೊಂಡುಕೊಳ್ಳುವ, ಮಾರುವ ಜನ "ಇದರ ಬೆಲೆ ಎಷ್ಟಿರಬಹುದು" ಅಂತ ಸ್ನೇಹದಲ್ಲೇ ಕೇಳುತ್ತಾರೆ. ಬೆಲೆ ಮಾತ್ರ ಹೇಳಬೇಡ. ಮ್ಯೂಸಿಯಂನವರೇ ಇಷ್ಟು ಅಂದರು ಅಂತ ಸಂತೆಯಲ್ಲಿ ಹೇಳಿಕೊಂಡು ತಿರುಗುತ್ತಾರೆ.

ಹಾಗೇ ನಿಮ್ಮ ಗ್ಯಾಲರಿ ಅಟೆಂಡರ್‌ಗಳ ಸ್ನೇಹ ಮಾಡಿಕೋ. ಓದಿದವಳು ಅಂತ ದೂರ ನಿಲ್ಲಬೇಡ. ಸೋರುವ ಜಾಗ, ಇಲಿ ಓಡಾಡುವ ಜಾಗ ಅವರಿಗೆ ಗೊತ್ತು. ಹಬ್ಬಕ್ಕೆ ಮುಂಚೆ ಕಂಚಿನ ವಿಗ್ರಹವನ್ನು ಹುಣಸೆಹಣ್ಣು ಹಾಕಿ ತಿಕ್ಕುವವರೂ ಅವರೇ, ಪ್ರೀತಿಯಿಂದಲೇ ತಿಕ್ಕುತ್ತಾರೆ. ಬೈಯಬೇಡ, ಕೂರಿಸಿ ಹೇಳು.

ಬೀಕರ್:

ಅದಕ್ಕೆ ಒಂದು ಸೇರಿಸುತ್ತೇನೆ. ಬೀದರಿನ ಬಿದ್ರಿ ಸಾಮಾನು ಇದ್ದರೆ ಹುಳಿ ಹತ್ತಿರಕ್ಕೂ ಬರಬಾರದು. ಅದರ ಲೋಹ ಬಹುಪಾಲು ಸತು, ಹುಳಿ ಸತುವನ್ನು ತಿನ್ನುತ್ತದೆ. ಬೆಳ್ಳಿ ಹೊಳೆಯಲಿ ಅಂತ ತಿಕ್ಕಿದರೆ ಬೀದರ್ ಕೋಟೆಯ ಮಣ್ಣಿನಿಂದ ಬರಿಸಿದ ಆ ಕಪ್ಪೇ ಹೋಗುತ್ತದೆ. ಕಂಚಿನ ಮೇಲೆ ತಿಳಿ ಹಸಿರು ಪುಡಿ ಕಂಡರೆ ಮಾತ್ರ ಕಾಯಬೇಡಿ, ಅದು ಕ್ಲೋರೈಡ್ ರೋಗ ಇರಬಹುದು. ಆ ವಸ್ತುವನ್ನು ಬೇರೆ ಮಾಡಿ ಸಿಲಿಕಾ ಜೆಲ್ ಜೊತೆ ಒಣ ಡಬ್ಬದಲ್ಲಿಡಿ.

ಮತ್ತೆ ಮಾಸ್ಕ್. ಎನ್-95 ಧೂಳಿಗೆ ಮಾತ್ರ. ಟಾಲ್ಯೂಯಿನ್, ಅಸಿಟೋನ್ ಸಾಲ್ವೆಂಟ್‌ಗಳ ಆವಿಯನ್ನು ಅದು ತಡೆಯುವುದಿಲ್ಲ. ಆರ್ಗ್ಯಾನಿಕ್ ಆವಿಯ ಕಾರ್ಟ್ರಿಜ್ ಇರುವ ಮಾಸ್ಕ್ ಕೇಳಿ. ಕೊಡದಿದ್ದರೆ ಆ ಸಾಲ್ವೆಂಟ್ ಕೆಲಸ ಮಾಡಬೇಡಿ, ಇದರಲ್ಲಿ ಮಾತ್ರ ಹಠ ಮಾಡಿ. ಹಳೆಯ ಸಂಗ್ರಹದ ಬಟ್ಟೆ, ತುಂಬಿಟ್ಟ ಪ್ರಾಣಿಗಳ ಮೇಲೆ ಡಿಡಿಟಿ, ಆರ್ಸೆನಿಕ್ ಹಾಕಿರುವುದುಂಟು. ಬರೀ ಕೈಯಲ್ಲಿ ಮುಟ್ಟಬೇಡಿ.

ಹತ್ತಿಕಡ್ಡಿ:

ಅಪ್‌ಡೇಟ್. ಟಿಪ್ಪಣಿ ಹಾಕಿದೆ, ಫೋಟೊ ಮತ್ತು ತೇವಾಂಶದ ಗ್ರಾಫ್ ಲಗತ್ತಿಸಿ. ಎರಡು ದಿನ ಸದ್ದಿಲ್ಲ. ಆಮೇಲೆ ಸಾಹೇಬರು ಕರೆದರು. ವಾರ್ನಿಷ್ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎದ್ದ ಚಿಪ್ಪು ಕೂರಿಸಲು ಒಪ್ಪಿದ್ದಾರೆ. ಉದುರಿದ ಜಾಗ ಹಾಗೇ ಇರುತ್ತದೆ, ಪಕ್ಕದಲ್ಲಿ ಒಂದು ಸಣ್ಣ ಫಲಕ ಹಾಕಿ ಗೆಸ್ಸೊ ಪದರ ಪದರವಾಗಿ ಹೇಗೆ ಹಾಕುತ್ತಾರೆ ಅಂತ ತೋರಿಸೋಣ ಅಂದೆ, ಅದು ಅವರಿಗೆ ಬಹಳ ಇಷ್ಟವಾಯಿತು. ರೇವಲ್ ಚಿನ್ನಿಯವರೇ, ಅದಕ್ಕೆ ಒಂದು ಮಾದರಿ ಹಲಗೆ ಮಾಡಿಕೊಡುತ್ತೀರಾ? ಖರ್ಚಿಗೆ ಮಂಜೂರಾತಿ ಕೇಳುತ್ತೇನೆ.

ಗಾಜು ಮತ್ತು ಚಿತ್ರದ ನಡುವೆ ಸಂದು ಬರುವ ಹಾಗೆ ಮೌಂಟ್, ಪ್ಲೈವುಡ್ ಬದಲು ಆಮ್ಲರಹಿತ ಬೋರ್ಡು, ಇವೆರಡೂ ಪಾಸ್. ರಾತ್ರಿ ಎಸಿ ಮಾತ್ರ ಇಲ್ಲ. ಕರೆಂಟ್ ಬಿಲ್ಲು ಅಂದರು.

ಈಗ ಹೊಸ ಜಗಳ ಬೆಳಕಿನದು. ಕಾಗದದ ಚಿತ್ರ ಅಂತ ಬೆಳಕಿನ ಅಳತೆಯನ್ನು 50 ಲಕ್ಸ್‌ಗೆ ಇಳಿಸಿದೆ, "ಏನಮ್ಮ ಇದು, ಕತ್ತಲೆ ಗುಹೆ" ಅಂತಿದ್ದಾರೆ.

ಥೇಮ್ಸ್ ದಂಡೆ:

ದೀಪ ಜಾಸ್ತಿ ಮಾಡಬೇಡಿ, ಅದರ ಮುಂಚಿನ ಹಜಾರವನ್ನು ಮಂದ ಮಾಡಿ. ಬಿಸಿಲಿನಿಂದ ನೇರ ಒಳಗೆ ಬಂದರೆ 50 ಲಕ್ಸ್ ಕತ್ತಲೆಯೇ. ಸ್ವಲ್ಪ ಹೊತ್ತು ಮಂದ ಬೆಳಕಿನಲ್ಲಿ ನಡೆದು ಬಂದರೆ ಕಣ್ಣು ಹೊಂದಿಕೊಂಡು ಚಿನ್ನ ಎದ್ದು ಕಾಣುತ್ತದೆ. ಹಿಂದಿನ ಗೋಡೆ ಬಿಳಿ ಇದ್ದರೆ ಗಾಢ ಬಣ್ಣ ಬಳಿಸಿ, ಅರ್ಧ ದೂರು ಅಲ್ಲೇ ಕಡಿಮೆ ಆಗುತ್ತದೆ.

ರೇವಲ್ ಚಿನ್ನಿ:

ಹಲಗೆ ಮಾಡಿಕೊಡುತ್ತೇನೆ. ಚಿನ್ನದ ರೇಕಿನ ದುಡ್ಡು ಮಾತ್ರ ಕೊಡಿಸಿ, ಕೂಲಿ ಬೇಡ. ಕೂಲಿ ಬದಲು ಆ ಚಿತ್ರವನ್ನು ಗಾಜಿಲ್ಲದೆ ಒಂದು ಸಲ ಹತ್ತಿರದಿಂದ ನೋಡಲು ಬಿಡಿ. ದೀಪದ ವಿಷಯದಲ್ಲಿ ಲಂಡನ್ ಮೇಡಂ ಹೇಳಿದ್ದು ನಿಜ, ಈ ಚಿನ್ನ ದೇವರ ಮನೆಯ ಎಣ್ಣೆ ದೀಪಕ್ಕೆ ಅಂತಲೇ ಹಚ್ಚಿದ್ದು.

ಉಗ್ರಾಣ:

ಕೂಲಿ ಬೇಡ ಅನ್ನಬೇಡಿ ಸ್ವಾಮಿ, ಕೂಲಿಯನ್ನೂ ಬಿಲ್ಲಿನಲ್ಲಿ ಹಾಕಿ, ಇಲ್ಲದಿದ್ದರೆ ಮುಂದಿನವರಿಗೂ ಪುಕ್ಕಟೆ ಅಂದುಬಿಡುತ್ತಾರೆ. ಮಗಳೇ, ರಾತ್ರಿ ಎಸಿ ಕೊಡದಿದ್ದರೆ ಆ ಒಂದು ಚಿತ್ರಕ್ಕಾದರೂ ಮುಚ್ಚಿದ ಕೇಸು, ಒಳಗೆ ಸಿಲಿಕಾ ಜೆಲ್ ಕೇಳು. "ಸಂರಕ್ಷಣಾ ಸಾಮಗ್ರಿ" ಅಂತ ಹೊಸ ಲೆಕ್ಕ ಶೀರ್ಷಿಕೆ ಹುಡುಕಿಕೊಂಡು ಹೋದರೆ ವರ್ಷ ಹಿಡಿಯುತ್ತದೆ, ಕಚೇರಿ ವೆಚ್ಚದಲ್ಲೇ ಹಾಕು. ಮೂರು ಕೊಟೇಷನ್ ಇಟ್ಟುಕೋ.